ಅಯೋಗ್ಯವಾಗಿ ತಿನ್ನುವದೆಂದರೇನು?

(ಮೊದಲು 1 ಕೊರಿಂಥ 11ನೆಯ ಅಧ್ಯಾಯದ 17ರಿಂದ 34ರ ವರೆಗಿನ ವಚನಗಳನ್ನು ಓದಿಕೊಳ್ಳಿರಿ.)



ಕರ್ತನ ಭೋಜನವು ನಡೆಯುವ ಭಾನುವಾರದಲ್ಲಿ ನಮ್ಮ ಹಳ್ಳಿಯ ಸಭೆಗಳೊಳಗೆ ಒಂದು ಸಂಗತಿಯನ್ನು ಯಾರಾದರೂ ಕಾಣಬಹುದು. ಪ್ರಸಂಗವು ಮುಗಿದು, ಮೇಜಿನ ಮೇಲಣ ಬಿಳೀ ವಸ್ತ್ರವನ್ನು ತೆಗೆದು, ಬೋಧಕರು ಜನರನ್ನು ಮುಂದಕ್ಕೆ ಕರೆದಾಗ ಕೆಲವರು ಎದ್ದು ಹೋಗುತ್ತಾರೆ; ಕೆಲವರು ತಲೆತಗ್ಗಿಸಿಕೊಂಡು ಕೂತಲ್ಲಿಯೇ ಕೂತಿರುತ್ತಾರೆ. ಹೀಗೆ ಕೂತಿರುವವರು ಅವಿಶ್ವಾಸಿಗಳಲ್ಲ. ದೀಕ್ಷಾಸ್ನಾನ ಹೊಂದಿದವರು, ಹಾಡುಗಳನ್ನು ಬಾಯಿಪಾಠ ಬಲ್ಲವರು, ಮಳೆಯಿರಲಿ ಬಿಸಿಲಿರಲಿ ಆರಾಧನೆಯನ್ನು ತಪ್ಪಿಸದವರು ಇವರಲ್ಲಿದ್ದಾರೆ. ಯಾಕಮ್ಮಾ ಬರಲಿಲ್ಲ ಎಂದು ಕೇಳಿದರೆ, "ನಾನು ಅದಕ್ಕೆ ಯೋಗ್ಯಳಲ್ಲ, ಅಯ್ಯನವರೇ" ಎಂದು ಉತ್ತರ ಬರುತ್ತದೆ. ಒಬ್ಬ ಬೋಧಕರಿಗೆ ಐದಾರು ಹಳ್ಳಿಗಳಿರುವಲ್ಲಿ ಈ ಮೇಜನ್ನು ತಿಂಗಳಿಗೊಮ್ಮೆ, ಕೆಲವೆಡೆ ಮೂರು ತಿಂಗಳಿಗೊಮ್ಮೆ ಮಾತ್ರ ಸಿದ್ಧಮಾಡಲಾಗುತ್ತದೆ. ಆದಕಾರಣ ಒಂದೆರಡು ಸಾರಿ ಹಿಂದೆ ಉಳಿದವರು ನೋಡನೋಡುತ್ತಿರುವಾಗಲೇ ವರುಷಗಟ್ಟಲೆ ಹಿಂದೆ ಉಳಿದುಬಿಡುತ್ತಾರೆ.

ಈ ಭಯವನ್ನು ಹಗುರಾಗಿ ಎಣಿಸತಕ್ಕದ್ದಲ್ಲ. ಅಯೋಗ್ಯವಾಗಿ ಈ ರೊಟ್ಟಿಯನ್ನು ತಿಂದು ಈ ಪಾತ್ರೆಯಲ್ಲಿ ಕುಡಿಯುವವನು ಕರ್ತನ ದೇಹಕ್ಕೂ ರಕ್ತಕ್ಕೂ ದ್ರೋಹ ಮಾಡಿದವನಾಗುವನೆಂದು ಅಪೊಸ್ತಲನಾದ ಪೌಲನೇ ಬರೆದಿದ್ದಾನೆ; ಇದರ ದೆಸೆಯಿಂದಲೇ ಆ ಸಭೆಯಲ್ಲಿ ಅನೇಕರು ಬಲಹೀನರೂ ರೋಗಿಗಳೂ ಆದರೆಂದೂ ಹೇಳಿದ್ದಾನೆ. ಇದನ್ನು ಓದುವದಕ್ಕೆ ಕೇಳಿದ ಬಡ ಹೆಂಗಸು ನಡುಗಿದರೆ ಆಶ್ಚರ್ಯವೇನು? ಆದರೆ ಆ ಮಾತು ಯಾರನ್ನು ನಡುಗಿಸುವದಕ್ಕಾಗಿ ಬರೆಯಲ್ಪಟ್ಟಿತು ಎಂಬದನ್ನು ನಾವು ವಿಚಾರಿಸಿದ್ದೇವೋ? ಈ ಲೇಖನದಲ್ಲಿ ಅದನ್ನೇ ವಿಚಾರಿಸೋಣ.

ರಾಮಗಿರಿ, ಹೊಳಲ್ಕೆರೆ, ಹೊಸದುರ್ಗದ ಕಡೆಯವರಿಗೆ ಮಡಿ ಮೈಲಿಗೆಗಳೆಂದರೇನೆಂದು ಬಿಡಿಸಿ ಹೇಳಬೇಕಾದದ್ದಿಲ್ಲ. ಕರಿಸಿದ್ಧೇಶ್ವರನ ಬೆಟ್ಟವನ್ನು ಹತ್ತುವವರು ಮಿಂದು ಶುಚಿಯಾಗಿ ಹತ್ತುತ್ತಾರೆ. ಅವರ ಭಕ್ತಿಯನ್ನು ನಾವು ಹಳಿಯುವದಿಲ್ಲ. ದೇವರ ಸನ್ನಿಧಿಗೆ ಹೋಗುವ ಮುಂಚೆ ಮೀಯಬೇಕು, ಹೊಟ್ಟೆ ಬರಿದಾಗಿರಬೇಕು, ಸೂತಕ ತಗಲಿರಬಾರದು ಎಂಬ ಎಣಿಕೆಯು ನಮ್ಮ ಅಜ್ಜ ಅಜ್ಜಿಯರ ಕಾಲದಿಂದ ಬಂದದ್ದು. ದೀಕ್ಷಾಸ್ನಾನದ ದಿನದಲ್ಲಿ ಹೆಸರು ಬದಲಾಯಿತು, ಆದರೆ ಎಣಿಕೆಯು ಅಷ್ಟು ಬೇಗ ಬದಲಾಗುವದೋ? ಕರ್ತನ ಭೋಜನವನ್ನೂ ಒಂದು ದೊಡ್ಡ ಮಡಿಯೆಂದು ಭಾವಿಸುವವರು ನಮ್ಮಲ್ಲಿ ಇದ್ದಾರೆ. ನಿನ್ನೆ ಮನೆಯಲ್ಲಿ ಜಗಳವಾಯಿತು, ಇಂದು ಮೈಲಿಗೆ. ಗಂಡನು ಕುಡಿದು ಬಂದನು, ಆದಕಾರಣ ಹೆಂಡತಿಗೆ ಮೈಲಿಗೆ. ತಿಂಗಳ ಮುಟ್ಟಿನ ದಿನಗಳು ಬಂದವು, ಆಕೆಯು ಬಾಗಿಲಾಚೆಯಲ್ಲಿಯೇ ನಿಲ್ಲುತ್ತಾಳೆ. ಹನ್ನೆರಡು ವರುಷ ರಕ್ತಕುಸುಮ ರೋಗದಿಂದ ಬಳಲಿದ ಹೆಂಗಸು ಜನರ ಗುಂಪಿನಲ್ಲಿ ಬಂದು ಯೇಸುವಿನ ಉಡುಪನ್ನು ಮುಟ್ಟಿದಾಗ ಆತನು ಆಕೆಯನ್ನು ಗದರಿಸಲಿಲ್ಲ, ಮಗಳೇ ಎಂದು ಕರೆದನು (ಮಾರ್ಕ 5: 25-34). ಇಷ್ಟನ್ನು ಓದಿದ ಮೇಲೂ ಈ ಕಾರಣಕ್ಕಾಗಿ ಹೆಣ್ಣುಮಕ್ಕಳನ್ನು ಹಿಂದೆ ಕೂಡ್ರಿಸುವ ಅತ್ತೆಯಂದಿರು ಆ ಅಧ್ಯಾಯವನ್ನು ಮತ್ತೊಂದು ಸಾರಿ ಓದಬೇಕು.

ಈಗ ಕೊರಿಂಥಕ್ಕೆ ಹೋಗೋಣ. ಅದು ಗ್ರೀಸ್ ದೇಶದ ದೊಡ್ಡ ವ್ಯಾಪಾರದ ಪಟ್ಟಣ. ಪೌಲನು ಈ ಪತ್ರವನ್ನು ಬರೆದದ್ದು ಕ್ರಿ.ಶ. 55ರ ಸುಮಾರಿನಲ್ಲಿ. ಆ ಸಭೆಯಲ್ಲಿ ಸ್ಥಿತಿವಂತರು ಕೆಲವರು, ದಾಸರೂ ಕೂಲಿಯಾಳುಗಳೂ ಬಹು ಮಂದಿ. ಆಗ ದೇವಾಲಯಗಳ ಕಟ್ಟಡಗಳಿರಲಿಲ್ಲ. ಸ್ಥಿತಿವಂತನೊಬ್ಬನ ಮನೆಯಲ್ಲಿ ಕೂಡಿ ಬಂದು ಎಲ್ಲರೂ ಊಟಮಾಡಿ, ಆ ಊಟದೊಂದಿಗೇ ಕರ್ತನ ಮರಣವನ್ನು ಜ್ಞಾಪಕಮಾಡುತ್ತಿದ್ದರು. ಪುರಸೊತ್ತಿದ್ದವರು ತಾವು ತಂದದ್ದನ್ನು ತಾವೇ ಮುಂಚಿತವಾಗಿ ಉಂಡು ಕುಡಿದು ಮತ್ತರಾದರು. ದಿನವೆಲ್ಲ ದುಡಿದು ದಣಿದವರಿಗೆ ಉಳಿದದ್ದು ಹಸಿವೆ ಮತ್ತು ನಾಚಿಕೆ. ಪೌಲನ ಸಿಟ್ಟೆಲ್ಲಾ ಇದರ ಮೇಲೆಯೇ. ದೇವರ ಸಭೆಯನ್ನು ತಿರಸ್ಕರಿಸಿ, ಇಲ್ಲದವರನ್ನು ಅವಮಾನಪಡಿಸುತ್ತೀರೋ ಎಂದು ಆತನು ಕೇಳುತ್ತಾನೆ. ನಮ್ಮ ಕನ್ನಡದಲ್ಲಿ ಈ ತಪ್ಪಿಗೆ ಒಂದೇ ಮಾತಿನ ಹೆಸರುಂಟು: ಪಂಕ್ತಿಭೇದ.

ಆ ಅಧ್ಯಾಯದಲ್ಲಿ ಮೀಯದೆ ಬಂದವರ ಮಾತಿಲ್ಲ. ಮನಸ್ಸು ಕುಗ್ಗಿ ಬಂದವರ ಮಾತಿಲ್ಲ. ಪೌಲನು ಉಪಯೋಗಿಸಿದ ಗ್ರೀಕ್ ಶಬ್ದವು ಉಣ್ಣುವವನ ಗುಣವನ್ನು ಹೇಳುವದಿಲ್ಲ, ಉಣ್ಣುವ ರೀತಿಯನ್ನು ಹೇಳುತ್ತದೆ. ಕನ್ನಡದಲ್ಲಿಯೂ ಹಾಗೆಯೇ ಇದೆ. "ಅಯೋಗ್ಯನಾಗಿ" ಎಂಬದಕ್ಕೂ "ಅಯೋಗ್ಯವಾಗಿ" ಎಂಬದಕ್ಕೂ ಒಂದೇ ಅಕ್ಷರದ ಅಂತರ, ಆದರೆ ಆ ಒಂದು ಅಕ್ಷರದಲ್ಲಿ ನಮ್ಮ ಬಿಡುಗಡೆ ಇದೆ. ಅಯೋಗ್ಯನಾದವನು ಬರಬಾರದೆಂದಿದ್ದರೆ ಆ ಮೊದಲನೆಯ ರಾತ್ರಿಯಲ್ಲಿ ಮೇಜಿನ ಬಳಿ ಯಾರು ಉಳಿಯುತ್ತಿದ್ದರು? ಹಿಡುಕೊಡುವವನ ಕೈ ತನ್ನ ಸಂಗಡ ಮೇಜಿನ ಮೇಲಿದೆ ಎಂದು ತಿಳಿದೇ ಕರ್ತನು ಹಂಚಿದನು (ಲೂಕ 22: 21). ಕೋಳಿ ಕೂಗುವದರೊಳಗೆ ಪೇತ್ರನು ಮೂರು ಸಾರಿ ಅಲ್ಲಗಳೆಯುವನೆಂದೂ ಆತನಿಗೆ ತಿಳಿದಿತ್ತು. ಆದರೂ ಅವನಿಗೆ ಕೊಟ್ಟನು. ಉಳಿದವರು ಆ ಊಟದಲ್ಲಿಯೇ ತಮ್ಮೊಳಗೆ ಯಾರು ದೊಡ್ಡವನೆಂದು ಚರ್ಚೆಮಾಡುತ್ತಿದ್ದರು. ಅವರಿಗೂ ಕೊಟ್ಟನು.

ಈ ಸೀಮೆಯಲ್ಲಿ ಸುವಾರ್ತೆಯನ್ನು ಸಾರಿದ ವೆಸ್ಲಿಯನ್ ಮಿಶನಿನವರ ಮೂಲಪುರುಷರಾದ ಜಾನ್ ವೆಸ್ಲಿಯವರಿಗೂ ಇದೇ ಪ್ರಶ್ನೆ ಎದುರಾಗಿತ್ತು. 1740ರಲ್ಲಿ ಲಂಡನಿನ ಕೆಲವು ಭಕ್ತರು, ಪೂರ್ಣ ನಂಬಿಕೆಯ ನಿಶ್ಚಯವು ಹುಟ್ಟುವ ತನಕ ಯಾರೂ ಭೋಜನಕ್ಕೆ ಹೋಗದೆ ಸುಮ್ಮನೆ ಕಾದಿರಬೇಕೆಂದು ಬೋಧಿಸುತ್ತಿದ್ದರು. ವೆಸ್ಲಿಯವರು ಇದನ್ನು ಒಪ್ಪಲಿಲ್ಲ. ಅವರ ತಾಯಿಯಾದ ಸುಸನ್ನಮ್ಮನವರಿಗೆ ಅದರ ಹಿಂದಿನ ವರುಷ, ಎಪ್ಪತ್ತು ವರುಷ ಪ್ರಾಯದಲ್ಲಿ, ಪಾತ್ರೆಯನ್ನು ಕೈಗೆ ತೆಗೆದುಕೊಳ್ಳುತ್ತಿರುವಾಗಲೇ ತನ್ನ ಪಾಪಗಳು ಕ್ಷಮಿಸಲ್ಪಟ್ಟವೆಂಬ ನಿಶ್ಚಯವು ದೊರೆತಿತ್ತು. ನಿಶ್ಚಯವು ಮೊದಲು, ಮೇಜು ಆಮೇಲೆ ಎಂಬ ಕ್ರಮವನ್ನು ಆಕೆಯು ಕಾದಿದ್ದರೆ ಗತಿಯೇನು? ಮುಂದೆ 1787ರಲ್ಲಿ ಅವರು ಅಚ್ಚು ಮಾಡಿಸಿದ ಒಂದು ಪ್ರಸಂಗದಲ್ಲಿ, ಅಯೋಗ್ಯನೆಂದು ಹೇಳಿ ಹಿಂದೆ ನಿಲ್ಲುವವರಿಗೆ ಉತ್ತರ ಕೊಡುತ್ತಾ, ಪೌಲನು ಖಂಡಿಸಿದ್ದು ಕೊರಿಂಥದವರ ಕ್ರಮಗೆಟ್ಟ ಊಟವನ್ನೇ ಎಂದು ತೋರಿಸಿಕೊಟ್ಟರು.

ಹಾಗಾದರೆ ಯಾರು ಹೇಗೆ ಬಂದರೂ ಸರಿಯೋ? ಅಲ್ಲ. ಪೌಲನ ಎಚ್ಚರಿಕೆಯು ಇಲ್ಲದೆ ಹೋಗುವದಿಲ್ಲ. ಅದರ ಮುಖವು ಬೇರೆ ಕಡೆಗೆ ತಿರುಗುತ್ತದೆ ಅಷ್ಟೇ. ಹಿಂದಿನ ಸಾಲಿನಲ್ಲಿ ಕೂತು ನಡುಗುವವಳ ಮೇಲಿದ್ದ ಆ ಮಾತು ಮುಂದಿನ ಸಾಲಿನಿಂದ ಧೈರ್ಯವಾಗಿ ಎದ್ದು ಬರುವವನ ಮೇಲೆ ಬೀಳುತ್ತದೆ. ದೇಹವನ್ನು ವಿವೇಚಿಸದೆ ತಿನ್ನುವದು ತಪ್ಪೆಂದು ಪೌಲನು ಹೇಳುತ್ತಾನೆ. ಯಾವ ದೇಹ? ರೊಟ್ಟಿಯು ಒಂದೇ ಆಗಿರುವದರಿಂದ ಅನೇಕರಾದ ನಾವು ಒಂದೇ ದೇಹವೆಂದು ಅದೇ ಪತ್ರದ 10ನೆಯ ಅಧ್ಯಾಯದಲ್ಲಿ ಆತನು ಮುಂಚೆಯೇ ಹೇಳಿಬಿಟ್ಟಿದ್ದಾನೆ. ಪಕ್ಕದಲ್ಲಿ ಮೊಣಕಾಲೂರಿದವನು ಯಾರೆಂದು ಅರಿಯದೆ ತಿನ್ನುವವನು ಕರ್ತನನ್ನೇ ಅರಿಯದೆ ತಿನ್ನುತ್ತಾನೆ.

ಇಲ್ಲಿ ಎಂಜಲಿನ ಮಾತು ಬರುತ್ತದೆ. ಇಂಗ್ಲಿಷರ ದೇಶದವರಿಗೆ ಒಂದು ಪಾತ್ರೆಯಿಂದ ಹಲವರು ಕುಡಿಯುವದು ಒಂದು ಹಳೇ ಪದ್ಧತಿ ಮಾತ್ರ. ನಮಗೆ ಹಾಗಲ್ಲ. ಲೋಟವನ್ನು ತುಟಿಗೆ ತಗಲಿಸದೆ ಎತ್ತಿ ಕುಡಿಯುವ ನಾಡಿದು. ಕೆಳಗಿನ ಕುಲದವನಿಗೆ ಬೊಗಸೆಯಲ್ಲಿ ನೀರು ಹೊಯ್ದು, ಹೊಯ್ಯುವ ತಂಬಿಗೆಯು ಅವನಿಗೆ ತಗಲದಂತೆ ಮೇಲೆ ಹಿಡಿದ ನಾಡು. ಚಹದ ಅಂಗಡಿಯಲ್ಲಿ ಅವನಿಗಾಗಿ ತೆಂಗಿನ ಕರಟವನ್ನೋ ಬೇರೆ ಲೋಟವನ್ನೋ ಇಟ್ಟ ನಾಡು. 1950ರಲ್ಲಿ ಜಾರಿಗೆ ಬಂದ ರಾಜ್ಯಾಂಗದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ತೆಗೆದುಹಾಕಿತು, 1955ರಲ್ಲಿ ಅದನ್ನು ಆಚರಿಸುವವರಿಗೆ ಶಿಕ್ಷೆ ವಿಧಿಸುವ ಕಾಯಿದೆಯೂ ಆಯಿತು. ಕಾಯಿದೆಯಾದ ಮೇಲೆಯೂ ಎಷ್ಟೋ ಊರುಗಳಲ್ಲಿ ಎರಡು ಲೋಟಗಳು ಹೋಗಲಿಲ್ಲ. ಇಂಥ ನಾಡಿನಲ್ಲಿ ಒಂದು ಪಾತ್ರೆಯು ತುಟಿಯಿಂದ ತುಟಿಗೆ ಹೋಗುವದೆಂದರೆ ಏನೆಂಬದನ್ನು ಲಂಡನಿನ ಪಂಡಿತರಿಗಿಂತ ನಮ್ಮ ಹಟ್ಟಿಯ ಮುದುಕಿಯು ಚೆನ್ನಾಗಿ ಬಲ್ಲಳು. ನಿನ್ನ ಎಂಜಲು ನನಗೆ ಎಂಜಲಲ್ಲ ಎಂದು ಎಲ್ಲರೆದುರಿಗೆ, ಬಾಯಿಂದ ಹೇಳದೆ, ಬಾಯಿಂದಲೇ ತೋರಿಸುವ ಸ್ಥಳವು ಇನ್ನೆಲ್ಲಿದೆ?

ದೇವಾಲಯದೊಳಗೂ ಇದು ಸುಲಭವಾಗಿ ಬರಲಿಲ್ಲ. ತಂಜಾವೂರಿನ ಸಭೆಯಲ್ಲಿ ಮೇಲ್ಜಾತಿಯಿಂದ ಬಂದ ಕ್ರೈಸ್ತರು ಒಂದು ಕಡೆ, ಪರೆಯರೊಳಗಿಂದ ಬಂದವರು ಮತ್ತೊಂದು ಕಡೆ ಕೂತು, ಮೇಲಿನವರು ಮೊದಲು ಭೋಜನವನ್ನು ತೆಗೆದುಕೊಳ್ಳುವ ವಾಡಿಕೆಯಿತ್ತು. ಕಲ್ಕತ್ತೆಯ ಬಿಷಪರಾದ ಡೇನಿಯಲ್ ವಿಲ್ಸನ್ನರು 1833ರಲ್ಲಿ ಸಭೆಗಳಿಗೆ ಪತ್ರ ಬರೆದು, ಈ ಭೇದವನ್ನು ಕೂಡಲೇ ಸಂಪೂರ್ಣವಾಗಿ ಬಿಟ್ಟುಬಿಡಬೇಕೆಂದು ಕಟ್ಟಪ್ಪಣೆ ಮಾಡಿದರು. ಪತ್ರವನ್ನು ಓದಿಸಿದಾಗ ಅನೇಕರು ಭೇದವನ್ನು ಬಿಡುವ ಬದಲಾಗಿ ಸಭೆಯನ್ನೇ ಬಿಟ್ಟು ನಡೆದರು. ಮತ್ತೊಂದು ಕಡೆಯಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿ, ಬಿಲ್ಲವ ಕುಲದಿಂದ ಬಂದವರೇ ಹೆಚ್ಚಾಗಿದ್ದ ಬಾಸೆಲ್ ಮಿಶನ್ ಸಭೆಗೆ ಸೇರಿದರು. ಬಾಸೆಲಿನಲ್ಲಿ ಕಲಿತು 1851ರಲ್ಲಿ ಬೋಧಕರಾಗಿ ಹಿಂದಿರುಗಿದರು. ಮೋಗ್ಲಿಂಗರು ಕೊಡಗಿನಲ್ಲಿ ಹೊಲೆಯ ಕುಲದಿಂದ ಬಂದ ಕ್ರೈಸ್ತರಿಗಾಗಿ ಕಟ್ಟಿದ ಊರಿಗೆ ಆನಂದಪುರವೆಂದು ಇವರ ಹೆಸರನ್ನೇ ಇಡಲಾಯಿತು.

ಮಿಶನಿನವರ ಮೇಜುಗಳೂ ಬಹುಕಾಲ ಬೇರೆ ಬೇರೆಯಾಗಿಯೇ ಇದ್ದವೆಂಬದನ್ನು ಮರೆಮಾಡಬೇಕಾದದ್ದಿಲ್ಲ; ಒಂದು ಮಿಶನಿನ ಬೋಧಕರ ಕೈಯಿಂದ ಮತ್ತೊಂದು ಮಿಶನಿನವರು ತೆಗೆದುಕೊಳ್ಳಬಹುದೋ ಬಾರದೋ ಎಂಬ ವಾದವು 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆಯು ಕೂಡುವ ತನಕ ನಡೆಯಿತು. ಕನ್ನಡ ನಾಡಿನಲ್ಲಿ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ದಾಸೋಹದ ಪಂಕ್ತಿಯಲ್ಲಿ ಕುಲವನ್ನು ಕೇಳಬಾರದೆಂದಿದ್ದರು. ನೆರೆಯವರು ಎಂಟು ನೂರು ವರುಷಗಳ ಹಿಂದೆ ಹೇಳಿದ್ದನ್ನು ನಾವು ಮೇಜಿನ ಬಳಿ ಮಾತ್ರ ಆಚರಿಸಿ ಮನೆಯಲ್ಲಿ ಬಿಟ್ಟರೆ ಅವರ ಮುಂದೆ ಯಾವ ಮುಖದಿಂದ ಸುವಾರ್ತೆಯನ್ನು ಸಾರುವದು? ಭಾನುವಾರ ಒಂದೇ ಪಾತ್ರೆಯಲ್ಲಿ ಕುಡಿದವರು ಬುಧವಾರದ ಮದುವೆಯ ಚಪ್ಪರದಲ್ಲಿ, ಮೊದಲ ಪಂಕ್ತಿ ಯಾರಿಗೆ ಎಂದು ಹಳೇ ಕುಲದ ಲೆಕ್ಕದಿಂದ ನೋಡುವದಿಲ್ಲವೋ? ಹೆಣ್ಣು ಕೇಳಲು ಬಂದವರ ಅಜ್ಜನ ಕುಲವನ್ನು ಗುಟ್ಟಾಗಿ ವಿಚಾರಿಸುವದಿಲ್ಲವೋ? ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಸಂಗಡ ಉಣ್ಣುತ್ತಿದ್ದವನು, ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೆ ಹೆದರಿ ಹಿಂದೆಗೆದನು. ಪೌಲನು ಅವನನ್ನು ಮುಖಾಮುಖಿಯಾಗಿ ಎದುರಿಸಿದನು (ಗಲಾತ್ಯ 2: 11-14). ನಮ್ಮ ಯೆರೂಸಲೇಮಿನವರು ನೆಂಟರ ರೂಪದಲ್ಲಿ ಬರುತ್ತಾರೆ.

ಚಿಕ್ಕ ಲೋಟಗಳ ವಿಷಯವನ್ನು ಕೆಲವರು ಕೇಳುತ್ತಾರೆ. 2020ರ ಮಾರ್ಚ್ 25ರಿಂದ ಕೋವಿಡ್ ರೋಗದ ದೆಸೆಯಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಆಲಯಗಳೂ ಮುಚ್ಚಿದವು, ಮೇಜೂ ನಿಂತಿತು. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಲೋಟವನ್ನು ಕೊಡುವ, ಇಲ್ಲವೆ ರೊಟ್ಟಿಯನ್ನು ಪಾತ್ರೆಯಲ್ಲಿ ಅದ್ದಿ ಕೊಡುವ ವಾಡಿಕೆಯು ಹೆಚ್ಚಾಯಿತು. ಇದು ಹೊಸದೇನೂ ಅಲ್ಲ. ರೋಗಾಣುಗಳ ಸಂಗತಿ ತಿಳಿದುಬಂದ ಮೇಲೆ ಅಮೆರಿಕದ ಸಭೆಗಳು 1890ರ ದಶಕದಲ್ಲಿಯೇ ಹೀಗೆ ಮಾಡಿದವು. ಕ್ಷಯ ಕೆಮ್ಮುಗಳಿರುವಲ್ಲಿ ನೆರೆಯವನ ಪ್ರಾಣವನ್ನು ಕಾಯುವದು ಪ್ರೀತಿಯ ಕೆಲಸವೇ, ಅದರಲ್ಲಿ ಪಾಪವಿಲ್ಲ. ಆದರೆ ಚಿಕ್ಕ ಲೋಟವು ಬಂದಾಗ, "ಒಳ್ಳೇದಾಯಿತು, ಇನ್ನು ಅವರ ಎಂಜಲು ಕುಡಿಯುವದು ತಪ್ಪಿತು" ಎಂದು ಯಾರಾದರೂ ತನ್ನ ಮನಸ್ಸಿನಲ್ಲಿ ಸಂತೋಷಪಟ್ಟಿದ್ದರೆ, ಆ ಲೋಟವು ಅವನ ಪಾಲಿಗೆ ಚಹದ ಅಂಗಡಿಯ ಬೇರೆ ಲೋಟವೇ ಆಯಿತು. ಲೋಟದಲ್ಲಿ ದೋಷವಿಲ್ಲ, ಆ ಸಂತೋಷದಲ್ಲಿದೆ. ಒಣ ದ್ರಾಕ್ಷಿಯನ್ನು ನೆನೆಹಾಕಿ ಕುದಿಸಿ ತೆಗೆದ ರಸವೇ ಸಾಕೋ, ಚಪಾತಿಯನ್ನು ಮುರಿಯಬಹುದೋ ಎಂಬ ಪ್ರಶ್ನೆಗಳನ್ನೂ ಕೇಳುತ್ತಾರೆ. ನಮ್ಮ ಸತ್ಯವೇದವು ಅದನ್ನು ರೊಟ್ಟಿ ಎಂದೇ ಕರೆದಿದೆ, ನಮ್ಮ ಹೆಂಗಸರು ದಿನವೂ ತಟ್ಟುವದಕ್ಕೂ ಅದೇ ಹೆಸರು. ಇದರಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದದ್ದಿಲ್ಲ.

ಇದಕ್ಕಿಂತ ಭಾರವಾದ ಮಾತೊಂದುಂಟು. ಮಿಶನಿನ ಕಾಲದಿಂದ ನಮ್ಮ ಸಭೆಗಳಲ್ಲಿ ಶಿಸ್ತು ಎಂಬದೊಂದು ಇದೆ. ಕುಡಿತಕ್ಕೆ ಬಿದ್ದವನನ್ನೂ, ಹೆಂಡತಿಯನ್ನು ಬಿಟ್ಟವನನ್ನೂ ಕೆಲವು ಕಾಲ ಭೋಜನದಿಂದ ನಿಲ್ಲಿಸುತ್ತಾರೆ. ಅದು ಬೇಡವೆಂದು ಹೇಳುವದಿಲ್ಲ. ಕೂಲಿಯನ್ನು ಹಿಡಿದಿಟ್ಟುಕೊಂಡವನನ್ನು ಎಂದಾದರೂ ಹಾಗೆ ನಿಲ್ಲಿಸಿದ್ದುಂಟೋ ಎಂದು ಕೇಳಬಹುದು, ಅದಿರಲಿ. ನಿಲ್ಲಿಸುವ ದಿನದಲ್ಲಿ ಹಿರಿಯರೆಲ್ಲರೂ ಕೂಡುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ಅವಧಿಯು ತೀರಿದ ದಿನದಲ್ಲಿ ಅವನ ಮನೆಯ ಬಾಗಿಲಿಗೆ ಹೋಗಿ, ಅಣ್ಣಾ, ಬಾ ಎಂದು ಕರೆಯುವವರು ಯಾರು? ಯಾರೂ ಹೋಗದಿದ್ದರೆ ಅವನು ತಾನಾಗಿ ಬರಲು ನಾಚುತ್ತಾನೆ; ಮೂರು ತಿಂಗಳಿನ ಶಿಸ್ತು ಹದಿಮೂರು ವರುಷವಾಗುತ್ತದೆ. ಊರಿನವರು ನೀರು ಬೆಂಕಿ ಕೊಡದೆ ಮಾಡುವದಕ್ಕೆ ಬಹಿಷ್ಕಾರವೆಂದು ಹೆಸರು. ಕರೆಯುವವರಿಲ್ಲದ ಶಿಸ್ತಿಗೆ ಬೇರೆ ಹೆಸರು ನನಗೆ ತಿಳಿಯದು. ಹಿಂದಿನ ಸಾಲಿನಲ್ಲಿ ಕೂತವರಲ್ಲಿ ಎಷ್ಟು ಮಂದಿ ತಮ್ಮ ಅಯೋಗ್ಯತೆಯಿಂದ ಅಲ್ಲ, ನಮ್ಮ ಮರೆವಿನಿಂದ ಅಲ್ಲಿ ಕೂತಿದ್ದಾರೆಂದು ಪ್ರತಿಯೊಂದು ಸಭೆಯ ಹಿರಿಯರು ಪುಸ್ತಕವನ್ನು ತೆರೆದು ಎಣಿಸಲಿ.

ತನ್ನನ್ನು ತಾನೇ ಪರೀಕ್ಷಿಸಿಕೊಂಡವನಾಗಿ ತಿನ್ನಲಿ ಎಂದು ಪೌಲನು ಬರೆದದ್ದನ್ನೂ ಬಿಡಬಾರದು. ಪರೀಕ್ಷಿಸಿಕೊಂಡು ಹಿಂದೆ ಉಳಿಯಲಿ ಎಂದು ಆತನು ಬರೆಯಲಿಲ್ಲ. ಪರೀಕ್ಷೆಯ ಕೊನೆಯಲ್ಲಿ ಊಟವೇ ಇದೆ. ಹಳ್ಳಿಯಲ್ಲಿ ಈ ಪರೀಕ್ಷೆಯು ಕಷ್ಟವಾದದ್ದಲ್ಲ, ಯಾಕಂದರೆ ನಮ್ಮ ಪಾಪಗಳಿಗೆ ಸರ್ವೆ ನಂಬರು ಇರುತ್ತದೆ. ಬದುವನ್ನು ಒಂದು ಮೊಳ ಸರಿಸಿದ್ದು, ಕೊಳವೆ ಬಾವಿಯ ನೀರಿನ ಸರದಿಯನ್ನು ತಪ್ಪಿಸಿದ್ದು, ಪಂಚಾಯತಿ ಚುನಾವಣೆಯಲ್ಲಿ ಸೋತವನ ಮನೆಯವರೊಡನೆ ಮಾತು ಬಿಟ್ಟದ್ದು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂದು ಕರ್ತನು ಹೇಳಿದ್ದಾನೆ (ಮತ್ತಾಯ 5: 23-24). ಇದನ್ನು ಹಿಂದೆ ಉಳಿಯುವದಕ್ಕೆ ನೆವಮಾಡಿಕೊಂಡವರೂ ಇದ್ದಾರೆ: ತಮ್ಮನ ಸಂಗಡ ಮಾತಿಲ್ಲ, ಆದಕಾರಣ ನಾನು ಭೋಜನಕ್ಕೆ ಬರುವದಿಲ್ಲ ಎನ್ನುತ್ತಾರೆ. ಹೀಗೆ ಹತ್ತು ವರುಷ ಮಾತೂ ಇಲ್ಲ, ಭೋಜನವೂ ಇಲ್ಲ. ಎರಡೂ ಇಲ್ಲದ್ದೇ ದೊಡ್ಡ ಭಕ್ತಿಯಂತೆ ತೋರುತ್ತದೆ. ಅದೇ ವಚನದಲ್ಲಿ, ಆಮೇಲೆ ಬಂದು ಕಾಣಿಕೆಯನ್ನು ಕೊಡು ಎಂಬ ಮಾತೂ ಇದೆ. ಹೋಗೆಂದದ್ದು ಒಂದು ಮಧ್ಯಾಹ್ನದ ಕೆಲಸಕ್ಕೆ. ತಮ್ಮನು ಬಾಗಿಲು ತೆರೆಯದೆ ಹೋದರೆ? ನೀನು ಹೋಗಿ ತಟ್ಟಿದ್ದೀ, ಬದುವನ್ನು ಹಿಂದಕ್ಕೆ ಹಾಕಲು ಒಪ್ಪಿದ್ದೀ, ಆಗ ಬಾ. ಅವನ ಸಿಟ್ಟಿಗೆ ನಿನ್ನ ಹಸಿವೆಯನ್ನು ಅಡವಿಡಬೇಡ.

ಯೋಗ್ಯಳಲ್ಲವೆಂದು ಹೇಳುವ ತಾಯಿಗೆ ಈ ಪುಟಗಳನ್ನು ಯಾರಾದರೂ ಓದಿ ಹೇಳಿದರೆ ಸಂತೋಷ. ಆದರೆ ಓದಿ ಹೇಳುವದು ಸಾಲದು. ಭೋಜನದ ಹಿಂದಿನ ಶನಿವಾರ ಸಂಜೆ ಸಿದ್ಧತೆಯ ಪ್ರಾರ್ಥನೆಗಾಗಿ ಹಿರಿಯರು ಹೇಗೂ ಕೂಡುತ್ತಾರೆ. ಅದಕ್ಕೆ ಮುಂಚೆ ಅವರಲ್ಲಿ ಇಬ್ಬರು, ಸಾಧ್ಯವಿದ್ದರೆ ಒಬ್ಬರು ತಮ್ಮ ಹೆಂಡತಿಯನ್ನೂ ಕರೆದುಕೊಂಡು, ಆಕೆಯ ಮನೆಗೆ ಹೋಗಲಿ. ಜಗಲಿಯಲ್ಲಿ ನಿಂತು ಬುದ್ಧಿ ಹೇಳದೆ ಒಳಗೆ ಹೋಗಿ ಕೂತುಕೊಳ್ಳಲಿ. ಆಕೆಯು ನೀರು ಕೊಟ್ಟರೆ ಕುಡಿಯಲಿ, ಮುದ್ದೆಯನ್ನಿಟ್ಟರೆ ಉಣ್ಣಲಿ. ಮರುದಿನ ಬೋಧಕರು ಕರೆದಾಗ ಆ ಹಿರಿಯನ ಹೆಂಡತಿಯು ಹಿಂದಿನ ಸಾಲಿಗೆ ಬಂದು ಆಕೆಯ ಪಕ್ಕದಲ್ಲಿ ಕೂತಿದ್ದು, ಆಕೆಯೊಡನೆ ಎದ್ದು ಬರಲಿ.